ಮೂಳೆ ಕೂಡಿದೆ, ದುಡಿಮೆ ಕೂಡಿಲ್ಲ

ಟ್ರಿಬ್ಯುನಲ್ ಅಂದ ಕೂಡಲೇ ನಮ್ಮ ಜನಕ್ಕೆ ನೆನಪಾಗುವುದು ಕಾವೇರಿ. 1990ರಲ್ಲಿ ರಚನೆಯಾಗಿ 2007ರಲ್ಲಿ ಅಂತಿಮ ತೀರ್ಪು ಕೊಟ್ಟ ಆ ಮಂಡಳಿಯ ಸುದ್ದಿ ಓದಿ ಓದಿ, ಟ್ರಿಬ್ಯುನಲ್ ಏನಿದ್ದರೂ ರಾಜ್ಯ ರಾಜ್ಯಗಳ ಜಗಳಕ್ಕೆ, ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. ಆದರೆ ಬೆಂಗಳೂರಿನ ದುಡಿಯುವ ಜನ ದಿನಾ ಮೆಟ್ಟಿಲು ಹತ್ತುವ ಟ್ರಿಬ್ಯುನಲ್ ಒಂದಿದೆ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೋ ಮೇಯೋ ಹಾಲ್‌ಗೋ ಕಲಾಪ ಶುರುವಾಗುವ ಹೊತ್ತಿಗೆ ಹೋಗಿ ನೋಡಿ. ಕಂಕುಳಲ್ಲಿ ಊರುಗೋಲು ಇಟ್ಟುಕೊಂಡವರು, ದೊಡ್ಡ ಕವರಿನಲ್ಲಿ ಎಕ್ಸ್‌ರೇ ಹಿಡಿದವರು, ಮಡಿಲಲ್ಲಿ ಮಗು ಮಲಗಿಸಿಕೊಂಡು ಬೆಂಚಿನ ಮೇಲೆ ಕೂತ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು. ಅದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ವಕೀಲರ ಬಾಯಲ್ಲಿ ಎಂಎಸಿಟಿ. ಅಲ್ಲಿನ ಕೇಸಿಗೆ ಎಂವಿಸಿ ಕೇಸು ಅನ್ನುತ್ತಾರೆ.

ನಾನು ವಕೀಲಳಲ್ಲ, ಮೂಳೆ ಡಾಕ್ಟರ್. ಸರ್ಕಾರಿ ಆಸ್ಪತ್ರೆಯಲ್ಲಿ ಸರ್ವೀಸ್ ಮುಗಿಸಿ ನಿವೃತ್ತಿಯಾಗಿದ್ದೇನೆ. ಈಗ ಬಸವನಗುಡಿಯಲ್ಲಿ ಸಂಜೆ ಹೊತ್ತು ಒಂದು ಸಣ್ಣ ಕ್ಲಿನಿಕ್ ನಡೆಸುತ್ತೇನೆ. ನಾನು ಚಿಕಿತ್ಸೆ ಕೊಟ್ಟ ಗಾಯಾಳುಗಳ ಕೇಸುಗಳಲ್ಲಿ ಸಾಕ್ಷಿ ಹೇಳಲು ಈ ಟ್ರಿಬ್ಯುನಲ್‌ಗಳಿಗೆ ವರ್ಷಗಟ್ಟಲೆ ಹೋಗಿದ್ದೇನೆ. ಈಗಲೂ ಸಮನ್ಸ್ ಬಂದರೆ ಹೋಗುತ್ತೇನೆ. ನನ್ನ ಜೊತೆಯ ಡಾಕ್ಟರುಗಳಲ್ಲಿ ಹೆಚ್ಚಿನವರು ಹೋಗುವುದಿಲ್ಲ. ಹೋಗದಿದ್ದರೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಬ್ಬರ ಕೇಸು ಹೇಳುತ್ತೇನೆ. ಗುರುತು ಸಿಗಬಾರದು ಎಂದು ಒಂದೆರಡು ವಿವರ ಬದಲಿಸಿದ್ದೇನೆ.

ಗಾಂಧಿ ಬಜಾರಿನ ಹತ್ತಿರ ಹೂ ಕಟ್ಟಿ ಮಾರುವ ಹೆಂಗಸು. ವಯಸ್ಸು 42. 2019ರಲ್ಲಿ ಒಂದು ದಿನ ಬೆಳಗಿನ ಜಾವ ಕೆ.ಆರ್. ಮಾರ್ಕೆಟ್‌ನಿಂದ ಹೂವಿನ ಮೂಟೆ ಹಾಕಿಕೊಂಡು ಆಟೋದಲ್ಲಿ ಬರುವಾಗ ಹಿಂದಿನಿಂದ ಗೂಡ್ಸ್ ಗಾಡಿ ಗುದ್ದಿತು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಅದೇ ಕೈಯ ತೋರುಬೆರಳಿನ ನಡುಗೆಣ್ಣು ಜಜ್ಜಿಹೋಯಿತು. ಮಣಿಕಟ್ಟಿಗೆ ಪ್ಲೇಟ್ ಹಾಕಿದೆವು. ಮೂಳೆ ಚೆನ್ನಾಗಿ ಕೂಡಿತು. ಎಕ್ಸ್‌ರೇ ನೋಡಿದರೆ ಯಾವ ಸರ್ಜನ್‌ಗೂ ಸಮಾಧಾನವಾಗಬೇಕು, ಹಾಗಿತ್ತು.

ಆದರೆ ಬೆರಳು ಬಗ್ಗಲಿಲ್ಲ. ಆ ಗೆಣ್ಣು ಸಾಮಾನ್ಯವಾಗಿ 100 ಡಿಗ್ರಿಯಷ್ಟು ಬಗ್ಗಬೇಕು. ಕೋನ ಅಳೆಯುವ ಗೋನಿಯೋಮೀಟರ್ ಇಟ್ಟು ನೋಡಿದರೆ ಇವರದು 40ಕ್ಕೆ ನಿಂತುಬಿಡುತ್ತಿತ್ತು. ಮಣಿಕಟ್ಟು ಕೆಳಮುಖವಾಗಿ 80 ಡಿಗ್ರಿ ಬಾಗಬೇಕಾದ್ದು 50. ನಮ್ಮ ಲೆಕ್ಕದಲ್ಲಿ ಆ ಕೈಗೆ ಶೇ 24ರಷ್ಟು ಊನ. ಇಡೀ ದೇಹಕ್ಕೆ ಎಷ್ಟು ಎಂದು ಹೇಳುವಾಗ ಅದರ ಮೂರನೇ ಒಂದು ಭಾಗ ತೆಗೆದುಕೊಳ್ಳುವುದು ನಮ್ಮ ಕಡೆ ರೂಢಿ. ಅಂದರೆ ಶೇ 8.

ಶೇ 8 ಎಂದರೆ ಕೇಳಿದವರಿಗೆ ಏನೂ ಅನಿಸುವುದಿಲ್ಲ. ಆಕೆ ನನಗೆ ಹೇಳಿದ್ದು ಬೇರೆ. 'ಕೈ ನೋಡೋಕೆ ಸರಿಯಾಗೇ ಇದೆ ಡಾಕ್ಟ್ರಮ್ಮ. ಕಟ್ಟೋಕೆ ಕೂತ್ರೆ ಗಂಟು ಬೀಳಲ್ಲ.'

ಹೂ ಕಟ್ಟುವವರ ಕೈ ನೋಡಿದ್ದೀರಾ? ಎಡಗೈ ಹೂ ಜೋಡಿಸಿ ಹಿಡಿಯುತ್ತದೆ. ಬಲಗೈ ತೋರುಬೆರಳು, ನಡುಬೆರಳು ಸೇರಿ ದಾರದಲ್ಲಿ ಒಂದು ಕುಣಿಕೆ ಬಿಡಿಸುತ್ತವೆ. ಮಣಿಕಟ್ಟು ಒಂದು ಸುತ್ತು ತಿರುಗುತ್ತದೆ. ಕುಣಿಕೆ ಹೂವಿನ ತೊಟ್ಟಿಗೆ ಬಿದ್ದು ಬಿಗಿಯುತ್ತದೆ. ಒಂದು ಮೊಳ ಮಲ್ಲಿಗೆಗೆ ಇದು ಎಷ್ಟು ಸಲ ಆಗಬೇಕು ಯೋಚಿಸಿ. ಬಾಯಲ್ಲಿ ಗಿರಾಕಿ ಜೊತೆ ಮಾತು ನಡೆಯುತ್ತಿರುತ್ತದೆ, ಕೈ ಪಾಡಿಗೆ ಕೈ ಕಟ್ಟುತ್ತಿರುತ್ತದೆ. ತೋರುಬೆರಳು 40 ಡಿಗ್ರಿಗೆ ನಿಂತರೆ ಕುಣಿಕೆಯೇ ಬಿಡಿಸುವುದಿಲ್ಲ. ಕಷ್ಟಪಟ್ಟು ಬಿಡಿಸಿದರೂ ಗಂಟು ಸಡಿಲ, ಹೂ ಉದುರುತ್ತದೆ. ಮಾರ್ಕೆಟ್ ಹತ್ತಿರ ಸಡಿಲ ಮಾಲೆ ಯಾರೂ ಕೊಳ್ಳುವುದಿಲ್ಲ.

ಇದೇ ಬೆರಳು, ಇದೇ 40 ಡಿಗ್ರಿ, ನನ್ನಂಥ ಪಿಂಚಣಿದಾರಳಿಗೆ ಆಗಿದ್ದರೆ? ಅಡುಗೆಮನೆಯಲ್ಲಿ ಸ್ವಲ್ಪ ತೊಂದರೆ. ಆದಾಯಕ್ಕೆ ಏನೂ ಆಗುತ್ತಿರಲಿಲ್ಲ.

ಟ್ರಿಬ್ಯುನಲ್ ಎಂಬ ವ್ಯವಸ್ಥೆ ಯಾಕೆ ಬೇಕು ಎಂಬುದಕ್ಕೆ ನನಗೆ ಸಿಕ್ಕ ಉತ್ತರ ಇಲ್ಲಿದೆ. ಕ್ರಿಮಿನಲ್ ಕೋರ್ಟಿನ ಪ್ರಶ್ನೆ, ತಪ್ಪು ಯಾರದು, ಶಿಕ್ಷೆ ಏನು ಎಂಬುದು. ಟ್ರಿಬ್ಯುನಲ್‌ನಲ್ಲೂ ಚಾಲಕನ ಅಜಾಗರೂಕತೆಯ ಮಾತು ಬರುತ್ತದೆ, ಆದರೆ ಕೊನೆಗೆ ಎಲ್ಲ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಈ ಮನುಷ್ಯ ನಾಳೆಯಿಂದ ಹೇಗೆ ದುಡಿಯಬೇಕು?

ಮೊದಲು ಹೀಗಿರಲಿಲ್ಲ. ಅಪಘಾತದ ಪರಿಹಾರಕ್ಕೂ ಸಿವಿಲ್ ದಾವೆ ಹೂಡಬೇಕಿತ್ತು. ಕೇಳುವ ಹಣಕ್ಕೆ ತಕ್ಕಂತೆ ಕೋರ್ಟ್ ಫೀ, ಆಮೇಲೆ ವರ್ಷಗಟ್ಟಲೆ ಓಡಾಟ. ಕಾಲು ಕಳೆದುಕೊಂಡ ಕೂಲಿಯವರು ಎಲ್ಲಿಂದ ತರಬೇಕು? 1939ರ ಮೋಟಾರು ವಾಹನ ಕಾಯ್ದೆಗೆ 1956ರಲ್ಲಿ ತಿದ್ದುಪಡಿ ತಂದು ಈ ಟ್ರಿಬ್ಯುನಲ್‌ಗಳಿಗೆ ದಾರಿ ಮಾಡಿದರು. ಈಗಿರುವುದು 1988ರ ಕಾಯ್ದೆ. ಅದರ 175ನೇ ಸೆಕ್ಷನ್ ಪ್ರಕಾರ ಟ್ರಿಬ್ಯುನಲ್ ಇರುವ ಕಡೆ ಇಂಥ ಕ್ಲೇಮನ್ನು ಸಿವಿಲ್ ಕೋರ್ಟ್ ಮುಟ್ಟುವಂತಿಲ್ಲ. 168ನೇ ಸೆಕ್ಷನ್ ನ್ಯಾಯವೆನಿಸಿದ ಪರಿಹಾರ ಕೊಡಿ ಎನ್ನುತ್ತದೆ. ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಜಾಸ್ತಿ ಕೊಡುವುದು ನ್ಯಾಯವೆನಿಸಿದರೆ ಜಾಸ್ತಿಯೇ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಮಾಮೂಲಿ ಸಿವಿಲ್ ದಾವೆಯಲ್ಲಿ ಇದನ್ನು ಊಹಿಸುವುದೂ ಕಷ್ಟ. ಅರ್ಜಿಯನ್ನು ಅಪಘಾತ ನಡೆದ ಊರಲ್ಲೇ ಹಾಕಬೇಕು ಎಂದೂ ಇಲ್ಲ. ಕುಣಿಗಲ್ ಹತ್ತಿರ ಏಟು ತಿಂದವರು ಬೆಂಗಳೂರಿನಲ್ಲಿ ವಾಸವಿದ್ದರೆ ಇಲ್ಲೇ ಹಾಕಬಹುದು.

ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ಜಡ್ಜ್‌ಗಳೇ ಟ್ರಿಬ್ಯುನಲ್ ಆಗಿಯೂ ಕೂರುತ್ತಾರೆ. ಹಾಗಾದರೆ ಇದೂ ಕೋರ್ಟೇ ಅಲ್ವಾ ಎಂದು ಕೇಳಬಹುದು. ಕಟ್ಟಡ ಅದೇ, ಕರಿ ಕೋಟು ಅದೇ. ಆದರೆ ನಡೆಸುವ ರೀತಿ ಬೇರೆ. ವಿಚಾರಣೆಯನ್ನು ಚುಟುಕಾಗಿ ಮುಗಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಕ್ರಿಮಿನಲ್ ಕೇಸಿನಂತೆ ಅನುಮಾನಕ್ಕೆ ಎಡೆಯೇ ಇಲ್ಲದ ಹಾಗೆ ಸಾಬೀತು ಮಾಡಬೇಕಿಲ್ಲ, ಹೀಗೆ ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ತೋರಿಸಿದರೆ ಸಾಕು. ಆದಾಯಕ್ಕೂ ಅಷ್ಟೇ. ಹೂ ಕಟ್ಟುವವರು ಸಂಬಳದ ಚೀಟಿ ಎಲ್ಲಿಂದ ತರುತ್ತಾರೆ? ಕರ್ನಾಟಕದ ಒಬ್ಬ ಕೂಲಿ ಕಾರ್ಮಿಕರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಇದನ್ನೇ ಹೇಳಿತು: ಕೂಲಿಯವರ ಹತ್ತಿರ ದಾಖಲೆ ಇರುವುದಿಲ್ಲ, ಅವರು ಹೇಳುವ ಆದಾಯ ಸಹಜವಾಗಿದ್ದರೆ ಒಪ್ಪಿಕೊಳ್ಳಿ. ದಾಖಲೆಯೇ ಇಲ್ಲದಾಗ ನಮ್ಮಲ್ಲಿ ಕರ್ನಾಟಕ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಒಂದು ಪಟ್ಟಿ ನೋಡುತ್ತಾರೆ. ಲೋಕ ಅದಾಲತ್‌ಗೆಂದು ಮಾಡಿದ ಪಟ್ಟಿ ಅದು. 2019ರ ಅಪಘಾತಕ್ಕೆ ತಿಂಗಳಿಗೆ 14,000 ರೂಪಾಯಿ.

ಮನೆವಾರ್ತೆ ನೋಡಿಕೊಳ್ಳುವ ಹೆಂಗಸರದು ಇನ್ನೊಂದು ಕಥೆ. ಮಣಿಕಟ್ಟು ಮುರಿದ ಗೃಹಿಣಿಯರನ್ನು ಕೇಳಿದರೆ ಮುದ್ದೆ ತಿರುವಲು ಆಗುತ್ತಿಲ್ಲ, ಬಟ್ಟೆ ಹಿಂಡಲು ಆಗುತ್ತಿಲ್ಲ ಎನ್ನುತ್ತಾರೆ. ಅರ್ಜಿಯಲ್ಲಿ ಅವರ ಉದ್ಯೋಗದ ಜಾಗ ಖಾಲಿ ಬಿಟ್ಟದ್ದನ್ನು ನಾನೇ ನೋಡಿದ್ದೇನೆ. ಮನೆಕೆಲಸಕ್ಕೂ ಬೆಲೆ ಕಟ್ಟಲೇಬೇಕು ಎಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಮತ್ತೆ ಸ್ಪಷ್ಟವಾಗಿ ಹೇಳಿದೆ. ಆ ಜಾಗದಲ್ಲಿ ಗೃಹಿಣಿ ಎಂದು ಬರೆಸಿ, ದಿನಕ್ಕೆ ಏನೇನು ಕೆಲಸ ಮಾಡುತ್ತಿದ್ದರು ಎಂಬುದನ್ನೂ ಬರೆಸಿ.

ಈಗ ಹೂವಿನ ಹೆಂಗಸಿನ ಕೇಸಿಗೆ ಬರುತ್ತೇನೆ. ಸಾಕ್ಷಿ ಕಟ್ಟೆಯಲ್ಲಿ ನನ್ನ ಮುಖ್ಯ ವಿಚಾರಣೆ ಬೇಗ ಮುಗಿಯಿತು. ಪಾಟೀ ಸವಾಲಿಗೆ ಇನ್ಶೂರೆನ್ಸ್ ಕಂಪನಿಯ ವಕೀಲರು ಎದ್ದರು. ಚುರುಕಾದ ಮನುಷ್ಯ, ತಮ್ಮ ಕೆಲಸ ಬಲ್ಲವರು. ನನ್ನ ಉತ್ತರಗಳು ದಾಖಲೆಗೆ ಹೋದದ್ದು ಕೋರ್ಟಿನ ಕನ್ನಡದಲ್ಲಿ. 'ಗಾಯಾಳುವಿನ ಮೂಳೆ ಪೂರ್ಣವಾಗಿ ಕೂಡಿದೆ ಎಂದರೆ ಸರಿ.' 'ಪ್ಲೇಟ್ ತೆಗೆಸಿದರೆ ಚಲನೆ ಸುಧಾರಿಸುತ್ತದೆ ಎಂದರೆ ಸರಿಯಲ್ಲ.' 'ಅರ್ಜಿದಾರರಿಗೆ ಅನುಕೂಲ ಮಾಡಿಕೊಡುವ ಸಲುವಾಗಿ ಊನದ ಪ್ರಮಾಣವನ್ನು ಹೆಚ್ಚಿಸಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ.' ಈ ಕೊನೆಯ ಪ್ರಶ್ನೆ ಎಲ್ಲ ಡಾಕ್ಟರಿಗೂ ಬರುತ್ತದೆ. ಹೊಸಬರಿಗೆ ಮುಖ ಕೆಂಪಾಗುತ್ತದೆ. ಕೋಪ ಮಾಡಿಕೊಳ್ಳಬೇಡಿ. ಅದು ಅವರು ಕೇಳಲೇಬೇಕಾದ ಪ್ರಶ್ನೆ, ನೀವು ಇಲ್ಲ ಎಂದರೆ ಮುಗಿಯಿತು.

ಆಮೇಲೆ ಕೇಳಿದರು, ಶೇ 8ರಷ್ಟು ಊನ ಇರುವವರು ಕುಳಿತು ಮಾಡುವ ಕೆಲಸ ಮಾಡಬಹುದು ಅಲ್ವಾ? ಮಾಡಬಹುದು ಎಂದೆ. ಅಲ್ಲಿಗೆ ಬಿಟ್ಟಿದ್ದರೆ ಆಕೆಯ ಕೇಸು ಶೇ 8ಕ್ಕೇ ನಿಲ್ಲುತ್ತಿತ್ತು. ಹೂ ಕಟ್ಟುವುದೂ ಕುಳಿತು ಮಾಡುವ ಕೆಲಸವೇ ತಾನೇ! ಹಾಗಾಗಿ ನಾನು ಇನ್ನೂ ಸ್ವಲ್ಪ ಹೇಳಬೇಕು ಎಂದು ಕೇಳಿಕೊಂಡೆ. 'ಸಾಕ್ಷಿಯು ಮುಂದುವರಿದು ಹೇಳುವುದೇನೆಂದರೆ' ಎಂದು ಬರೆಸಿಕೊಂಡು, ಯಾವ ಬೆರಳು ಏನು ಮಾಡಬೇಕು, ಇವರದು ಎಲ್ಲಿ ನಿಲ್ಲುತ್ತದೆ ಎಂದು ವಿವರಿಸಿದೆ. ಜಡ್ಜ್ ಮೇಡಂ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಆಮೇಲೆ ಆಕೆಯನ್ನೇ ಮುಂದೆ ಕರೆದರು. 'ಹೇಗೆ ಕಟ್ಟುತ್ತೀರಮ್ಮ, ತೋರಿಸಿ.' ಹೂವಿರಲಿಲ್ಲ. ಬೆಂಚ್ ಕ್ಲರ್ಕ್ ಫೈಲು ಕಟ್ಟುವ ದಾರ ಕೊಟ್ಟರು. ಎಡಗೈಯಲ್ಲಿ ಪೆನ್ನು ಹಿಡಿದು ಅದಕ್ಕೇ ಕುಣಿಕೆ ಹಾಕಲು ಹೋದರು. ಎರಡು ಬೆರಳಿನ ನಡುವೆ ದಾರ ಬಿಡಿಸಲಾಗದೆ ಜಾರಿತು. ಮತ್ತೆ ಹಾಕಿದರು, ಮತ್ತೆ ಜಾರಿತು. ಇನ್ಶೂರೆನ್ಸ್ ವಕೀಲರು ಮುಂದಿನ ಪ್ರಶ್ನೆ ಕೇಳಲಿಲ್ಲ.

ತೀರ್ಪಿನಲ್ಲಿ ದುಡಿಮೆಯ ನಷ್ಟವನ್ನು ಶೇ 20 ಎಂದು ತೆಗೆದುಕೊಂಡರು. ಇದರಿಂದ ಆದ ವ್ಯತ್ಯಾಸ ನೋಡಿ. 42 ವರ್ಷದವರಿಗೆ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸುವ ಅಂಕಿ, 14. ಇದು 2009ರಲ್ಲಿ ಸುಪ್ರೀಂ ಕೋರ್ಟ್ ಸರಳಾ ವರ್ಮಾ ಕೇಸಿನಲ್ಲಿ ನಿಗದಿ ಮಾಡಿದ ಪಟ್ಟಿ. 15ರಿಂದ 25ರವರಿಗೆ 18, ವಯಸ್ಸು ಏರಿದಂತೆ ಇಳಿಯುತ್ತಾ 65 ದಾಟಿದವರಿಗೆ 5. ತಿಂಗಳಿಗೆ 14,000, ವರ್ಷಕ್ಕೆ 1,68,000. ಅದಕ್ಕೆ 14ರ ಗುಣಾಕಾರ, 23,52,000. ಅದರ ಶೇ 8 ಎಂದರೆ 1,88,160 ರೂಪಾಯಿ. ಶೇ 20 ಎಂದರೆ 4,70,400. ಆಸ್ಪತ್ರೆ ಖರ್ಚು, ನೋವಿಗೆ ಕೊಡುವ ಹಣ, ಮುಂದೆ ಆದಾಯ ಏರುವುದರ ಲೆಕ್ಕ, ಬಡ್ಡಿ ಎಲ್ಲ ಬಿಟ್ಟು ಬರೀ ದುಡಿಮೆಯ ನಷ್ಟ ಇದು. ಒಬ್ಬ ಡಾಕ್ಟರ್ ಇನ್ನೂ ಐದು ನಿಮಿಷ ನಿಂತು ಮಾತಾಡಿದ್ದಕ್ಕೂ ಮಾತಾಡದಿದ್ದಕ್ಕೂ ಇರುವ ಅಂತರ ಎರಡೂಮುಕ್ಕಾಲು ಲಕ್ಷಕ್ಕಿಂತ ಹೆಚ್ಚು.

ದೇಹದ ಊನ ಬೇರೆ, ದುಡಿಮೆಯ ನಷ್ಟ ಬೇರೆ ಎಂಬುದು ಜಡ್ಜ್ ಮೇಡಂ ಅವತ್ತು ಕಂಡುಹಿಡಿದದ್ದಲ್ಲ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಎಂಬ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ತೀರ್ಪು ಇದಕ್ಕೆ ತಳಹದಿ. ಬರೆದವರು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ನಮ್ಮ ಹೈಕೋರ್ಟ್‌ನಲ್ಲೇ ವಕೀಲರಾಗಿ, ನ್ಯಾಯಮೂರ್ತಿಯಾಗಿ ಇದ್ದವರು. ಸರಳಾ ವರ್ಮಾ ತೀರ್ಪೂ ಅವರದೇ. ಅವರು ಕೊಟ್ಟ ಉದಾಹರಣೆ ನನ್ನ ತಲೆಯಲ್ಲಿ ಉಳಿದಿದೆ. ಎಡಗೈ ಕತ್ತರಿಸಿ ತೆಗೆದರೆ ಊನ ಶೇ 60 ಎಂದುಕೊಳ್ಳಿ. ಆ ಮನುಷ್ಯ ಡ್ರೈವರೋ ಬಡಗಿಯೋ ಆಗಿದ್ದರೆ ದುಡಿಮೆಯ ನಷ್ಟ ಹೆಚ್ಚುಕಡಿಮೆ ಶೇ 100. ಸರ್ಕಾರಿ ಕಚೇರಿಯ ಗುಮಾಸ್ತನಾಗಿದ್ದು ಕೆಲಸ ಉಳಿದಿದ್ದರೆ ಆದಾಯದ ನಷ್ಟ ಇಲ್ಲದೆಯೂ ಇರಬಹುದು. ಇದಕ್ಕೂ ಬಹಳ ಹಿಂದೆ, ಕಾರ್ಮಿಕರ ಪರಿಹಾರದ ಒಂದು ಕೇಸಿನಲ್ಲಿ, ಮೊಣಕೈ ಮೇಲಕ್ಕೆ ಎಡಗೈ ಹೋದ ಬಡಗಿಗೆ ಪೂರ್ತಿ ನಷ್ಟವೆಂದೇ ಲೆಕ್ಕ ಹಿಡಿಯಬೇಕು ಎಂದು ಅದೇ ಕೋರ್ಟ್ ಒಪ್ಪಿತ್ತು. ಒಂದು ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಅಷ್ಟೇ.

ಆ 2010ರ ತೀರ್ಪಿನಲ್ಲಿ ಡಾಕ್ಟರುಗಳ ಬಗ್ಗೆಯೂ ಮಾತಿದೆ. ಚಿಕಿತ್ಸೆ ಕೊಡದೆ, ದುಡ್ಡಿಗೆ ಸಿದ್ಧ ಸರ್ಟಿಫಿಕೇಟ್ ಬರೆದುಕೊಡುವವರ ಬಗ್ಗೆ ಹುಷಾರಾಗಿರಿ ಎಂದು ಟ್ರಿಬ್ಯುನಲ್‌ಗಳಿಗೆ ಎಚ್ಚರಿಕೆ ಕೊಟ್ಟಿದೆ. ಅದೇ ಉಸಿರಿನಲ್ಲಿ, ಚಿಕಿತ್ಸೆ ಕೊಟ್ಟ ಡಾಕ್ಟರುಗಳು ಯಾಕೆ ಬರುವುದಿಲ್ಲ ಎಂಬುದನ್ನೂ ಅರ್ಥ ಮಾಡಿಕೊಂಡಿದೆ. ಓಪಿಡಿ ಬಿಟ್ಟು, ಆಪರೇಷನ್ ಮುಂದೆ ಹಾಕಿ, ಕೋರ್ಟ್ ಹಾಲಿನ ಹೊರಗೆ ಇಡೀ ದಿನ ಕಾದು, ಕೊನೆಗೆ ಮುಂದಿನ ತಾರೀಕು ಪಡೆದು ಬಂದರೆ ಯಾರು ಮತ್ತೆ ಹೋಗುತ್ತಾರೆ? ಹಾಗಾಗಿ ಬಲವಂತ ಮಾಡಬೇಡಿ, ಅವರಿಗೆ ಇಂಥ ಹೊತ್ತು ಎಂದು ಗೊತ್ತು ಮಾಡಿ, ಬಂದ ಕೂಡಲೇ ಸಾಕ್ಷಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಸಾಕ್ಷ್ಯ ಬರೆದುಕೊಳ್ಳಲು ನೇಮಿಸುವ ಕಮಿಷನರನ್ನು ಆಸ್ಪತ್ರೆಗೇ ಕಳಿಸಿ ಎಂದಿದೆ. ಇದು ಜಾರಿಯಲ್ಲಿರುವ ಮಾತು. ನಮ್ಮವರಿಗೆ ಗೊತ್ತಿಲ್ಲ. ಗೊತ್ತಿದ್ದರೂ ಕೇಳುವುದಿಲ್ಲ.

ಚಿಕಿತ್ಸೆ ಕೊಟ್ಟವರು ಹೋಗದಿದ್ದರೆ ಆ ಜಾಗ ಖಾಲಿ ಉಳಿಯುವುದಿಲ್ಲ. ಗಾಯಾಳುವನ್ನು ಒಂದೇ ಒಂದು ಸಲ ನೋಡಿದ ಇನ್ನೊಬ್ಬ ಡಾಕ್ಟರ್ ಬರುತ್ತಾರೆ. ಕೆಲವರು ಪ್ರಾಮಾಣಿಕರು, ಹಳೇ ಕೇಸ್ ಶೀಟ್ ತರಿಸಿ ಓದಿ, ಹೊಸ ಎಕ್ಸ್‌ರೇ ತೆಗೆಸಿ, ಅಳೆದು ಹೇಳುತ್ತಾರೆ. ಕೆಲವರು ಕಾಲಿನ ಒಂದು ಮೂಳೆ ಮುರಿದವರಿಗೂ ಶೇ 50 ಬರೆದಿರುತ್ತಾರೆ. ಜಡ್ಜ್‌ಗೆ ಅದು ಅತಿಯಾಯಿತು ಅನಿಸುತ್ತದೆ, ಆದರೆ ಸರಿಯಾದ್ದು ಎಷ್ಟು ಎಂದು ಹೇಳುವವರು ಎದುರಿಗಿಲ್ಲ. ಆಗ ಅಂದಾಜಿಗೆ ಒಂದು ಅಂಕಿ ಹಾಕುತ್ತಾರೆ. ಸುಳ್ಳು ಹೇಳಿದ ಕೇಸಿನಲ್ಲಿ ಕತ್ತರಿಸಿದಂತೆಯೇ ನಿಜ ಹೇಳಿದ ಕೇಸಿನಲ್ಲೂ ಕತ್ತರಿ ಬೀಳುತ್ತದೆ. ನಿಜವಾಗಿ ಕೈ ಹೋದವರು ಇದರಲ್ಲಿ ಸೊರಗುವುದನ್ನು ನೋಡಿ ನನಗೆ ಬಹಳ ಸಂಕಟವಾಗಿದೆ.

ನನ್ನ ದೊಡ್ಡ ದೂರು ಇಲ್ಲಿದೆ. ಬೇರೆ ಟ್ರಿಬ್ಯುನಲ್‌ಗಳನ್ನು ನೋಡಿ. 1941ರಲ್ಲಿ ಶುರುವಾದ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠದಲ್ಲಿ ಕಾನೂನು ಬಲ್ಲ ಸದಸ್ಯರ ಪಕ್ಕದಲ್ಲಿ ಲೆಕ್ಕ ಬಲ್ಲ ಸದಸ್ಯರೂ ಕೂರುತ್ತಾರೆ. ಕೆ.ಜಿ. ರಸ್ತೆಯ ಕಂದಾಯ ಭವನದಲ್ಲಿ ಸರ್ಕಾರಿ ನೌಕರರ ಕೇಸು ಕೇಳುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯಲ್ಲಿ (ಎಲ್ಲರ ಬಾಯಲ್ಲೂ ಅದು ಕೆಎಟಿ) ನ್ಯಾಯಾಂಗ ಸದಸ್ಯರಿದ್ದಾರೆ, ಆಡಳಿತದ ಅನುಭವ ಇರುವ ಸದಸ್ಯರೂ ಇದ್ದಾರೆ. ನನ್ನ ಬಡ್ತಿಯ ತಕರಾರು ಅಲ್ಲಿಗೆ ಹೋಗಿದ್ದಾಗ, ಕೇಡರ್, ರೋಸ್ಟರ್ ಎಂದರೇನು ಎಂದು ಪೀಠಕ್ಕೆ ಯಾರೂ ಪಾಠ ಮಾಡಬೇಕಾಗಲಿಲ್ಲ. ವಿಷಯ ಬಲ್ಲವರು ಪೀಠದಲ್ಲೇ ಇರಬೇಕು, ಅದಕ್ಕೇ ತಾನೇ ಬೇರೆ ಮಂಡಳಿ ಮಾಡಿದ್ದು?

ಅಪಘಾತದ ಟ್ರಿಬ್ಯುನಲ್‌ನಲ್ಲಿ ಪ್ರತಿ ಗಾಯದ ಕೇಸೂ ದೇಹದ ಕೇಸು. ಆದರೆ ದೇಹ ಬಲ್ಲವರು ಪೀಠದಲ್ಲಿಲ್ಲ. ಇರುವುದು ಸಾಕ್ಷಿ ಕಟ್ಟೆಯಲ್ಲಿ. ಅದೂ ಒಂದು ಪಕ್ಷದ ಕಡೆಯಿಂದ ಕರೆಸಿಕೊಂಡವರು. ಅರ್ಜಿದಾರರ ಡಾಕ್ಟರ್ ಹೆಚ್ಚು ಹೇಳುತ್ತಾರೆ ಎಂದು ಕಂಪನಿ ಮೊದಲೇ ನಂಬಿರುತ್ತದೆ. ಜಡ್ಜ್ ಒಬ್ಬರೇ ನಡುವೆ ಕೂತು, ಕಾನೂನು ಓದಿದ ತಲೆಯಲ್ಲಿ ಮೂಳೆಯ ಲೆಕ್ಕ ಮಾಡಬೇಕು.

ಇದಕ್ಕೆ ಕಾಯ್ದೆಯಲ್ಲೇ ದಾರಿ ಇದೆ. 169ನೇ ಸೆಕ್ಷನ್‌ನ ಮೂರನೇ ಉಪವಿಧಿ ಓದಿ. ವಿಚಾರಣೆಗೆ ಬೇಕಾದ ವಿಷಯದಲ್ಲಿ ವಿಶೇಷ ತಿಳಿವಳಿಕೆ ಇರುವ ಒಬ್ಬರನ್ನೋ ಹೆಚ್ಚು ಮಂದಿಯನ್ನೋ ಟ್ರಿಬ್ಯುನಲ್ ತನ್ನ ನೆರವಿಗೆ ಆರಿಸಿಕೊಳ್ಳಬಹುದು. ಎರಡೂ ಪಕ್ಷಕ್ಕೆ ಸೇರದ, ಪೀಠಕ್ಕೆ ನೆರವಾಗುವ ಡಾಕ್ಟರ್! ನಾನು ಕಂಡ ಕೇಸುಗಳಲ್ಲಿ ಇದನ್ನು ಬಳಸಿದ್ದು ನೋಡಿಲ್ಲ. ಅನುಮಾನ ಬಂದಾಗ ಮೆಡಿಕಲ್ ಬೋರ್ಡ್‌ಗೆ ಕಳಿಸುತ್ತಾರೆ. ಬೋರ್ಡು ಶೇಕಡಾವಾರು ಬರೆದು ವಾಪಸ್ ಕಳಿಸುತ್ತದೆ. ಆ ಕಾಗದಕ್ಕೆ, ಹೂ ಕಟ್ಟಲು ಯಾವ ಬೆರಳು ಬೇಕು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಬೆಂಗಳೂರಿನಲ್ಲಿ ನಿವೃತ್ತ ಸರ್ಕಾರಿ ಮೂಳೆ ಡಾಕ್ಟರುಗಳು, ಫಿಸಿಯೊಥೆರಪಿಸ್ಟ್‌ಗಳು ಬೇಕಾದಷ್ಟು ಮಂದಿ ಇದ್ದೇವೆ. ಒಂದು ಪಟ್ಟಿ ಮಾಡಿ, ವಾರಕ್ಕೊಂದು ಮಧ್ಯಾಹ್ನ ಸರದಿಯಂತೆ ಕೂರಿಸಿದರೆ ಎಷ್ಟೋ ಕೇಸುಗಳ ಎಳೆದಾಟ ನಿಲ್ಲುತ್ತದೆ. ಕರೆದರೆ ನಾನು ಹೋಗುತ್ತೇನೆ. ನನ್ನ ಬ್ಯಾಚಿನ ಇಬ್ಬರು ಮೂವರೂ ಬರುತ್ತೇವೆ ಎಂದಿದ್ದಾರೆ.

ಗಾಯಾಳುಗಳಿಗೂ ಮನೆಯವರಿಗೂ ಒಂದು ಮಾತು. ಕೇಸು ಗೆಲ್ಲುವುದೂ ಸೋಲುವುದೂ ಎಷ್ಟೋ ಸಲ ಮೊದಲ ರಾತ್ರಿ ಕ್ಯಾಶುವಾಲ್ಟಿಯಲ್ಲಿ ಬರೆದ ಒಂದು ಸಾಲಿನಲ್ಲಿರುತ್ತದೆ. ಪೊಲೀಸ್ ಕೇಸಾಗುವ ಗಾಯಗಳನ್ನು ದಾಖಲಿಸುವ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ರಿಜಿಸ್ಟರಿನಲ್ಲಿ ಹೇಗೆ ಏಟಾಯಿತು ಎಂದು ಬರೆಯುತ್ತಾರೆ. ಗಾಯಾಳುವಿಗೆ ಪ್ರಜ್ಞೆ ಇರುವುದಿಲ್ಲ. ಕರೆತಂದವರು ಯಾರೋ ದಾರಿಹೋಕರು. ಅವರು 'ಬೈಕಿಂದ ಬಿದ್ದಿದ್ರು ಸಾರ್' ಎನ್ನುತ್ತಾರೆ. ಡ್ಯೂಟಿ ಡಾಕ್ಟರ್ 'ಬೈಕ್ ಜಾರಿ ಬಿದ್ದು ಗಾಯ' ಎಂದು ಬರೆದು ಮುಂದಿನ ಕೇಸಿಗೆ ಓಡುತ್ತಾರೆ. ಗುದ್ದಿದ ಲಾರಿ ಆ ಸಾಲಿನಲ್ಲಿ ಇಲ್ಲವೇ ಇಲ್ಲ. ವರ್ಷದ ಮೇಲೆ ಇನ್ಶೂರೆನ್ಸ್ ವಕೀಲರು ಅದನ್ನೇ ಎತ್ತಿ ಹಿಡಿಯುತ್ತಾರೆ: ಬೇರೆ ಗಾಡಿಯೇ ಇರಲಿಲ್ಲ, ತಾನೇ ಬಿದ್ದದ್ದು. ಮನೆಯವರು ಬಂದ ಮೇಲೆ ಆ ಸಾಲಿನಲ್ಲಿ ಏನಿದೆ ಎಂದು ಕೇಳಿ ತಿಳಿದುಕೊಳ್ಳಿ. ಗುದ್ದಿದ ಗಾಡಿಯ ವಿಷಯ ಗೊತ್ತಿದ್ದರೆ ಡಾಕ್ಟರಿಗೂ ಪೊಲೀಸರಿಗೂ ಅಂದೇ ಹೇಳಿ ಬರೆಸಿ. ಹೌಸ್ ಸರ್ಜನ್‌ಗಳಿಗೆ ನಾನು ಪಾಠ ಮಾಡುವಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದೆ, ಹೇಳಿದವರು ಯಾರು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ದಾರಿಹೋಕರು ಹೇಳಿದ್ದು ಎಂದು ಬರೆದಿದ್ದರೆ ಆ ಸಾಲಿನ ತೂಕ ಎಷ್ಟು ಎಂದು ಜಡ್ಜ್‌ಗೂ ಗೊತ್ತಾಗುತ್ತದೆ.

ಇನ್ನೊಂದು ಗಡುವಿನ ವಿಷಯ. 2019ರ ತಿದ್ದುಪಡಿಯ ಪ್ರಕಾರ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಈ ನಿಯಮ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದಕ್ಕೆ ಮೊದಲು ಬಹಳ ವರ್ಷ ಇಂಥ ಗಡುವೇ ಇರಲಿಲ್ಲ. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ಗೆ ಅರ್ಜಿಗಳು ಹೋಗಿವೆ. ಡಾಕ್ಟರಾಗಿ ನನಗೆ ಇದು ಸರಿ ಕಾಣುವುದಿಲ್ಲ. ತೊಡೆಮೂಳೆ ಮುರಿದು ರಾಡ್ ಹಾಕಿಸಿಕೊಂಡವರು ನೆಟ್ಟಗೆ ನಡೆಯುವುದಕ್ಕೇ 6 ತಿಂಗಳು ಬೇಕು. ಮನೆಯವರು ಆಸ್ಪತ್ರೆ, ಸಾಲ, ಮಕ್ಕಳ ಸ್ಕೂಲು ನೋಡುವುದರಲ್ಲೇ ಆ ಹೊತ್ತು ಕಳೆದಿರುತ್ತದೆ. ಆದರೂ ಗಡುವು ಇರುವಾಗ ಕಾಯಬೇಡಿ. ಊನ ಎಷ್ಟು ಎಂದು ಅಳೆಯುವುದು ಗಾಯ ಪೂರ್ತಿ ಮಾಗಿದ ಮೇಲೆ. ಅದಕ್ಕಾಗಿ ಅರ್ಜಿ ತಡ ಮಾಡಬೇಕಿಲ್ಲ. ಮೊದಲು ಅರ್ಜಿ ಹಾಕಿ, ಅಳತೆ ಆಮೇಲೆ ಸಾಕ್ಷ್ಯದ ಹೊತ್ತಿಗೆ ಬಂದರೆ ಆಯಿತು.

ಅಂಗವಿಕಲರ ಗುರುತಿನ ಚೀಟಿಯನ್ನೂ ಇದನ್ನೂ ಬೆರೆಸಬೇಡಿ. 2016ರ ಕಾಯ್ದೆಯಡಿ ಹಲವು ಸೌಲಭ್ಯಕ್ಕೆ ಶೇ 40ರ ಮಿತಿ ಇದೆ. ನನಗೆ ಶೇ 40 ಇಲ್ಲ, ಹಾಗಾಗಿ ಕೇಸಿಲ್ಲ ಎಂದು ಬಿಟ್ಟವರನ್ನು ನೋಡಿದ್ದೇನೆ. ಟ್ರಿಬ್ಯುನಲ್‌ಗೆ ಅಂಥ ಮಿತಿ ಇಲ್ಲ. ಶೇ 8 ಇದ್ದ ಹೂವಿನ ಹೆಂಗಸಿನ ಲೆಕ್ಕ ಮೇಲೆ ಬರೆದಿದ್ದೇನಲ್ಲ.

ಪರಿಹಾರದ ಹಣದಲ್ಲಿ ಒಂದು ಭಾಗವನ್ನು ಬ್ಯಾಂಕಿನಲ್ಲಿ ಡಿಪಾಸಿಟ್ ಇಡಿಸುತ್ತಾರೆ. ಓದು ಬರಹ ಬಾರದವರ ಹಣ ಯಾರೋ ನುಂಗಿಹಾಕಬಾರದು ಎಂಬುದು ಅದರ ಉದ್ದೇಶ, ಒಳ್ಳೆಯದೇ. ಮಕ್ಕಳ ಫೀಸಿಗೋ ಮತ್ತೊಂದು ಆಪರೇಷನ್‌ಗೋ ಬೇಕಾದರೆ ಅದೇ ಟ್ರಿಬ್ಯುನಲ್‌ಗೆ ಅರ್ಜಿ ಕೊಟ್ಟು ಅವಧಿಗೆ ಮೊದಲೇ ಬಿಡಿಸಿಕೊಡಿ ಎಂದು ಕೇಳಬಹುದು. ಹೂವಿನ ಹೆಂಗಸು ಹಾಗೆ ಕೇಳಿ ಮಗಳ ಡಿಪ್ಲೊಮಾ ಫೀಸು ಕಟ್ಟಿದರು. ಈಗ ಹೂ ಕಟ್ಟುವುದು ಮಗಳು ಮತ್ತು ಪಕ್ಕದ ಮನೆಯವರು. ತಾಯಿ ವ್ಯಾಪಾರ ನೋಡಿಕೊಳ್ಳುತ್ತಾರೆ, ಕಟ್ಟಿದ್ದಕ್ಕೆ ಮಾರಿನ ಲೆಕ್ಕದಲ್ಲಿ ಪಕ್ಕದ ಮನೆಯವರಿಗೆ ಕೂಲಿ ಕೊಡುತ್ತಾರೆ. ಮೊದಲು ತಾವೇ ಉಳಿಸಿಕೊಳ್ಳುತ್ತಿದ್ದ ದುಡ್ಡು ಅದು.

ಕೊನೆಗೆ ಡಾಕ್ಟರುಗಳಿಗೆ. ಸಮನ್ಸ್ ಬಂದರೆ ಡ್ರಾಯರಿಗೆ ಹಾಕಬೇಡಿ. ಟ್ರಿಬ್ಯುನಲ್‌ಗೆ ಒಂದು ಪತ್ರ ಬರೆಯಿರಿ. ಇಂಥ ದಿನ ಇಂಥ ಹೊತ್ತಿಗೆ ಬರಬಲ್ಲೆ, ಬಂದ ಕೂಡಲೇ ಸಾಕ್ಷ್ಯ ತೆಗೆದುಕೊಳ್ಳಬೇಕು, ಸಾಧ್ಯವಿಲ್ಲದಿದ್ದರೆ ಕಮಿಷನರ ಮೂಲಕವೋ ವಿಡಿಯೊ ಕಾನ್ಫರೆನ್ಸ್ ಮೂಲಕವೋ ಅವಕಾಶ ಕೊಡಬೇಕು ಎಂದು ಕೇಳಿ. ನಾನು ಮಧ್ಯಾಹ್ನದ ಊಟದ ನಂತರದ ಹೊತ್ತು ಕೇಳುತ್ತೇನೆ, ಸಾಮಾನ್ಯವಾಗಿ ಕೊಟ್ಟಿದ್ದಾರೆ. ಹೋಗುವಾಗ ಮೂಲ ಕೇಸ್ ಶೀಟ್, ಹಳೇ ಎಕ್ಸ್‌ರೇ, ಹೊಸ ಎಕ್ಸ್‌ರೇ, ಅಳತೆಗಳನ್ನು ಬರೆದ ಹಾಳೆ ಇರಲಿ. ಹಿಂದಿನ ದಿನ ಗಾಯಾಳುವಿಗೆ ಫೋನ್ ಮಾಡಿ, ಅವರು ಕೆಲಸ ಹೇಗೆ ಮಾಡುತ್ತಿದ್ದರು ಎಂದು ಕೇಳಿಕೊಳ್ಳಿ. ಲೇತ್ ನಡೆಸುವವರಾದರೆ ಯಾವ ಕೈ ಹ್ಯಾಂಡಲ್ ತಿರುಗಿಸುತ್ತದೆ, ಟೈಲರ್ ಆದರೆ ಯಾವ ಕಾಲು ಪೆಡಲ್ ತುಳಿಯುತ್ತದೆ. ಪತ್ರದ ನಮೂನೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನನ್ನ ಹತ್ತಿರ ಇದೆ. ಬೇಕಾದವರು ಕೇಳಿ, ಕಳಿಸುತ್ತೇನೆ. ಎಂವಿಸಿ ನಂಬರು, ಗಾಯಾಳುವಿನ ಹೆಸರು, ನಿಮಗೆ ಅನುಕೂಲವಾದ ಎರಡು ತಾರೀಕು ತುಂಬಿದರೆ ಸಾಕು.